ಶಾಮ್ ಶುಯಿ ಪೋದ ಗಂಜಿ ಅಂಗಡಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಆಫೀಸ್ ಕೆಲಸದ ಮೇಲೆ ಹಾಂಗ್‌ಕಾಂಗಿಗೆ ಬರ್ತೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಬಂದರಿನ ಎದುರು ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಊಟ ಮಾಡೋಣ ಅಂದಿದ್ದೀಯ. ಬಂದರು ನೋಡೋಣ, ರಾತ್ರಿ ದೀಪ ಹತ್ತಿದ ಮೇಲೆ ಅದು ನೋಡಲೇಬೇಕಾದದ್ದು. ಊಟದ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳು. ಕೌಲೂನ್ ಕಡೆ ಶಾಮ್ ಶುಯಿ ಪೋ ಅಂತ ಒಂದು ಹಳೆಯ ಬಡಾವಣೆ ಇದೆ. ಅಲ್ಲಿನ ಒಂದು ಗಂಜಿ ಮತ್ತು ನೂಡಲ್ಸ್ ಅಂಗಡಿಗೆ ನಿನ್ನನ್ನು ಕರೆದುಕೊಂಡು ಹೋಗಬೇಕು ಅಂತ ನನಗೆ ಬಹಳ ಆಸೆ.

ಗಂಜಿ ಉಣ್ಣಲಿಕ್ಕೆ ಅಷ್ಟು ದೂರ ಬರಬೇಕಾ ಮಾರಾಯ ಅಂತ ನೀನು ಕೇಳೇ ಕೇಳ್ತೀಯ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಕುಚಲಕ್ಕಿ ಗಂಜಿ ಇಲ್ಲದ ದಿನ ಇರಲಿಲ್ಲ. ಆದರೂ ನೆಂಟರು ಬಂದರೆ ಗಂಜಿ ಬಡಿಸುತ್ತಿರಲಿಲ್ಲ, ಅಲ್ವಾ? ಘಟ್ಟದ ಮೇಲೆ ಹೋದರೆ ಜ್ವರ ಬಂದವರಿಗೆ ಗಂಜಿ. ನೆರೆ ಬಂದಾಗ, ಬರ ಬಿದ್ದಾಗ ಸರ್ಕಾರ ತೆರೆಯುವುದು ಗಂಜಿ ಕೇಂದ್ರ. ಹೊರಗೆ ಹೋಗಿ, ದುಡ್ಡು ಕೊಟ್ಟು, ಇಷ್ಟಪಟ್ಟು ತಿನ್ನುವ ಪದಾರ್ಥ ಅಂತ ನಾವು ಅದನ್ನು ಎಣಿಸಲೇ ಇಲ್ಲ. ಇಲ್ಲಿನ ಜನ ಎಣಿಸಿದ್ದಾರೆ. ಬೆಳಗ್ಗೆ ಕೆಲಸಕ್ಕೆ ಹೋಗುವವರು, ಮಧ್ಯರಾತ್ರಿ ಟ್ಯಾಕ್ಸಿ ನಿಲ್ಲಿಸಿ ಬರುವವರು, ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬರುವ ಅಜ್ಜಿಯರು, ಎಲ್ಲರೂ ಗಂಜಿಗೆ ಬಂದು ಕೂರುತ್ತಾರೆ. ಅಕ್ಕಿ ಮತ್ತು ನೀರು ಅಷ್ಟೇ ಆದರೂ ಅದರ ಹಿಂದೆ ಒಂದು ಪೂರ್ತಿ ಕಸುಬು ಇದೆ.

ಅವರ ಗಂಜಿ ನಮ್ಮದರ ಹಾಗಲ್ಲ. ನಮ್ಮಲ್ಲಿ ಅಗುಳು ಬೇರೆ, ತೆಳಿ ಬೇರೆ ಕಾಣಬೇಕು. ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರ ಗಂಜಿಯಲ್ಲಿ ಅಗುಳು ಕಾಣಲೇಬಾರದು. ತೊಳೆದ ಅಕ್ಕಿಗೆ ಸ್ವಲ್ಪ ಎಣ್ಣೆ, ಉಪ್ಪು ಸವರಿ ಇಡುತ್ತಾರೆ. ಹಾಗೆ ಮಾಡಿದರೆ ಕಾಳು ಬೇಗ ಒಡೆಯುತ್ತದೆ. ಒಂದು ಪಾಲು ಅಕ್ಕಿಗೆ ಹತ್ತು ಪಾಲಿಗಿಂತ ಜಾಸ್ತಿ ನೀರು. ಗಂಟೆಗಟ್ಟಲೆ ಕುದಿಸಿ, ತಳ ಹಿಡಿಯದಂತೆ ತಿರುವುತ್ತಲೇ ಇರಬೇಕು. ಕೊನೆಗೆ ಅಕ್ಕಿ ಯಾವುದು, ನೀರು ಯಾವುದು ಅಂತ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ನುಣ್ಣಗೆ, ಬೆಳ್ಳಗೆ, ಚಮಚದಿಂದ ನಿಧಾನವಾಗಿ ಇಳಿಯುವ ಹದ. ಅದೇ ಪ್ರಾಂತ್ಯದ ಪೂರ್ವದ ಚಿಯೂ ಚೌ ಕಡೆಯಿಂದ ಬಂದವರ ಗಂಜಿ ಇನ್ನೊಂದು ಬಗೆ. ಅದರಲ್ಲಿ ಅಗುಳು ಇಡಿಯಾಗಿ ಇರುತ್ತದೆ, ಪಕ್ಕಕ್ಕೆ ಉಪ್ಪು ಹಾಕಿದ ಸೊಪ್ಪು, ಸಣ್ಣ ಮೀನು, ಉಪ್ಪು ಮೊಟ್ಟೆ. ಅದು ನಮ್ಮ ಗಂಜಿ ಊಟಕ್ಕೆ ತುಂಬಾ ಹತ್ತಿರ. ಸಮಯ ಸಿಕ್ಕರೆ ಅದನ್ನೂ ತಿನ್ನೋಣ.

ಈ ಅಂಗಡಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಮೂಲ ಗಂಜಿ ಸದಾ ಬಿಸಿಯಾಗಿ ಇರುತ್ತದೆ. ನಾವು ಹೇಳಿದ ಮೇಲೆ ಅದರಿಂದ ಒಂದು ಸೌಟು ಸಣ್ಣ ಪಾತ್ರೆಗೆ ಹಾಕಿ, ಮೀನೋ ಮಾಂಸವೋ ಸೇರಿಸಿ, ಜೋರು ಉರಿಯಲ್ಲಿ ಮತ್ತೆ ಕುದಿಸಿ ತರುತ್ತಾರೆ. ತೆಳ್ಳಗೆ ಕೊಯ್ದ ಹೊಳೆಮೀನು ಅದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂದುಬಿಡುತ್ತದೆ. ಮೇಲೆ ಕೂದಲೆಳೆಯಂತೆ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಚಿಟಿಕೆ ಬಿಳಿ ಮೆಣಸಿನ ಪುಡಿ. ಬಹಳ ಜನ ತಿನ್ನುವುದು ಹಂದಿಮಾಂಸ ಮತ್ತು ಕಪ್ಪು ಮೊಟ್ಟೆಯ ಗಂಜಿ. ಕ್ಷಾರದಲ್ಲಿ ವಾರಗಟ್ಟಲೆ ಇಟ್ಟ ಬಾತುಕೋಳಿ ಮೊಟ್ಟೆ ಅದು. ಬಿಳಿಭಾಗ ಕಂದು ಗಾಜಿನ ಹಾಗೆ ಆಗಿರುತ್ತದೆ, ಒಳಗಿನ ಹಳದಿಭಾಗ ಹಸಿರುಗಪ್ಪು ಲೋಳೆಯ ಹಾಗೆ. ನೋಡಿದರೆ ಹೆದರಿಕೆ, ಗಂಜಿಯಲ್ಲಿ ಕರಗಿದರೆ ಬೆಣ್ಣೆಯಂಥ ರುಚಿ.

ಆದರೆ ನಿನಗೆ ನಾನು ಹೇಳಬೇಕು ಅಂತಿರುವುದು ಬೇರೆ ಬಟ್ಟಲು. ಒಣಮೀನು ಮತ್ತು ನೆಲಗಡಲೆ ಹಾಕಿದ ಗಂಜಿ! ಹೌದು, ಒಣಮೀನೇ. ಎಳೆಎಳೆಯಾಗಿ ಬಿಡಿಸಿದ ಒಣಮೀನು, ಬಾಯಲ್ಲಿಟ್ಟರೆ ಸಾಕು ಪುಡಿಯಾಗುವಷ್ಟು ಮೆತ್ತಗೆ ಬೆಂದ ನೆಲಗಡಲೆ. ಇಲ್ಲಿ ಇದು ತೀರಾ ಹಳೆಯ, ಎಲ್ಲರಿಗೂ ಗೊತ್ತಿರುವ ಗಂಜಿ. ಬಟ್ಟಲು ಮೇಜಿಗೆ ಬಂದಾಗ ಮೊದಲು ಏಳುವ ವಾಸನೆ ಇದೆಯಲ್ಲ, ಅದು ಮಳೆಗಾಲದಲ್ಲಿ ನಿಮ್ಮ ಅಡುಗೆಮನೆಯಲ್ಲಿ ಕೆಂಡದ ಮೇಲೆ ಒಣಮೀನು ಸುಡುವಾಗ ಬರುತ್ತಿದ್ದ ವಾಸನೆಯೇ. ಇಷ್ಟು ದೂರದ ಜನರೂ ಗಂಜಿಗೆ ಒಣಮೀನೇ ಸರಿ ಅಂತ ತಾವಾಗಿಯೇ ಕಂಡುಕೊಂಡಿದ್ದಾರೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಅದಕ್ಕೆ ಹುಳಿಖಾರದ ಚಟ್ನಿ ಮಾತ್ರ ಇಲ್ಲ. ಇಲ್ಲದಿದ್ದರೂ ನಡೆಯುತ್ತದೆ, ಗಂಜಿಯೇ ಅಷ್ಟು ರುಚಿ.

ಗಂಜಿಯ ಜೊತೆ ಕರಿದ ಹಿಟ್ಟಿನ ಕೋಲು ತರಿಸುತ್ತಾರೆ. ಮೊಳದುದ್ದ, ಮೇಲೆ ಗರಿಗರಿ, ಒಳಗೆ ಪೊಳ್ಳು. ಎರಡು ಎಳೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದರ ಬಗ್ಗೆ ಒಂದು ಜನಪದ ಕಥೆ ಇದೆ. ಚೀನಾದಲ್ಲಿ ಸಾಂಗ್ ದೊರೆಗಳ ಕಾಲದಲ್ಲಿ ಯುವೆ ಫೇ ಅಂತ ಒಬ್ಬ ಸೇನಾಪತಿ ಇದ್ದ. ಸುಳ್ಳು ಆರೋಪ ಹೊರಿಸಿ 1142ರಲ್ಲಿ ಅವನನ್ನು ಕೊಂದರು. ಅದರ ಹಿಂದೆ ಇದ್ದವನು ಚಿನ್ ಹ್ವೇ ಅನ್ನುವ ಮಂತ್ರಿ. ಸಿಟ್ಟಿಗೆದ್ದ ಜನ ಆ ಮಂತ್ರಿಯ ಮತ್ತು ಅವನ ಹೆಂಡತಿಯ ಹಿಟ್ಟಿನ ಗೊಂಬೆ ಮಾಡಿ, ಕುದಿಯುವ ಎಣ್ಣೆಗೆ ಹಾಕಿದರಂತೆ. ಅದೇ ಈ ಜೋಡಿ ಕೋಲು. ನೀನು ಸುಮ್ನೆ ಮುರಿದು ಗಂಜಿಯಲ್ಲಿ ಅದ್ದಿ ತಿನ್ನು, ಮೆತ್ತಗಾಗುವ ಮೊದಲೇ. ಇದೇ ಕೋಲನ್ನು ಅಕ್ಕಿಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ, ಸೋಯಾ ಸಾಸ್ ಹೊಯ್ದು ಕೊಡುವ ತಿಂಡಿಯೂ ಇದೆ. ಆ ಹಾಳೆ ಥೇಟ್ ನೀರುದೋಸೆಯ ಹಾಗೆ, ಆದರೆ ಕಾವಲಿ ಮುಟ್ಟಿದ್ದಲ್ಲ, ಹಬೆಯಲ್ಲಿ ಬೆಂದದ್ದು.

ಇನ್ನು ನೂಡಲ್ಸ್. ನಮ್ಮೂರಿನ ಗೋಬಿ ಮಂಚೂರಿ ಗಾಡಿಯ ನೂಡಲ್ಸ್ ಮನಸ್ಸಿನಿಂದ ತೆಗೆದುಬಿಡು. ಇದು ಬಾತುಕೋಳಿ ಮೊಟ್ಟೆ ಹಾಕಿ ಕಲಸಿದ, ಹೊಲಿಗೆ ನೂಲಿನಷ್ಟು ಸಪೂರ ಇರುವ ನೂಡಲ್ಸ್. ಹಳೆಯ ಕ್ರಮದಲ್ಲಿ ಹಿಟ್ಟನ್ನು ಉದ್ದನೆಯ ಬಿದಿರಿನ ಕೋಲಿನ ಅಡಿ ಇಟ್ಟು, ಕೋಲಿನ ತುದಿಯಲ್ಲಿ ಆಳು ಕೂತು ಕುಪ್ಪಳಿಸುತ್ತಾ ನಾದುತ್ತಿದ್ದ. ಈಗ ಹಾಗೆ ಮಾಡುವ ಅಂಗಡಿಗಳು ಬೆರಳೆಣಿಕೆ. ನೂಡಲ್ಸ್ ಕುದಿನೀರಿನಲ್ಲಿ ಇರುವುದು ಕೆಲವೇ ಸೆಕೆಂಡು. ತೆಗೆದು ತಣ್ಣೀರಿನಲ್ಲಿ ಅದ್ದಿ, ಮತ್ತೆ ಬಿಸಿಗೆ ಹಾಕಿ, ಬಟ್ಟಲಿಗೆ.

ಬಟ್ಟಲು ಜೋಡಿಸುವುದನ್ನು ಗಮನಿಸು. ಮೊದಲು ಚಮಚ ಅಡಿಯಲ್ಲಿ, ಅದರ ಮೇಲೆ ವಾಂಟನ್, ಅಂದರೆ ತೆಳು ಹಿಟ್ಟಿನ ಹಾಳೆಯಲ್ಲಿ ಸಿಗಡಿ ತುಂಬಿದ ಕಡುಬು, ಎಲ್ಲಕ್ಕಿಂತ ಮೇಲೆ ನೂಡಲ್ಸ್. ನೂಡಲ್ಸ್ ಸಾರಿನಲ್ಲಿ ಮುಳುಗಿ ಮೆತ್ತಗಾಗಬಾರದು ಅಂತ ಹೀಗೆ ಮಾಡುತ್ತಾರೆ. ಬಟ್ಟಲು ಚಿಕ್ಕದಿರುವುದೂ ಅದಕ್ಕೇ, ಕೊನೆಯ ತುತ್ತಿನವರೆಗೂ ನೂಡಲ್ಸ್ ಗಡುಸಾಗಿ ಇರಬೇಕು. ಫೋಟೋ ತೆಗೆಯುತ್ತಾ ಕೂರಬೇಡ. ಸಾರಿಗೆ ಹಾಕುವುದು ಹಂದಿ ಎಲುಬು, ಸಿಗಡಿಯ ಸಿಪ್ಪೆ, ಮತ್ತೆ ಒಣಗಿಸಿದ ಒಂದು ಚಪ್ಪಟೆ ಮೀನು. ನಮ್ಮ ನಂಗ್ ಮೀನಿನ ದಾಯಾದಿ ಅನ್ನಬಹುದು. ಅರ್ಧ ತಿಂದ ಮೇಲೆ ಮೇಜಿನ ಮೇಲಿರುವ ಕೆಂಪು ವಿನೆಗರ್ ನಾಲ್ಕು ಹನಿ ಹಾಕು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿನ್ನ ಜೊತೆ ಬರುವ ಆಫೀಸಿನವರು ಸಸ್ಯಾಹಾರಿಗಳಾದರೆ ಅವರನ್ನು ಇಲ್ಲಿಗೆ ಕರೆತರಬೇಡ. ಬರೀ ಬಿಳಿ ಗಂಜಿಯನ್ನೂ ಕೆಲವು ಕಡೆ ಎಲುಬಿನ ಸಾರಿನಲ್ಲಿ, ಒಣಗಿಸಿದ ಚಿಪ್ಪುಮೀನು ಹಾಕಿ ಕುದಿಸುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ. ಅವರಿಗೆ ಬೌದ್ಧರ ಸಸ್ಯಾಹಾರಿ ಹೋಟೆಲು ಬೇರೆ ಇವೆ, ನಾನು ತೋರಿಸುತ್ತೇನೆ.

ಅಂಗಡಿಯಲ್ಲಿ ಮೇಜು ಹಂಚಿಕೊಂಡು ಕೂರಬೇಕು. ಎದುರಿಗೆ ಗುರುತಿಲ್ಲದವರು ಪೇಪರ್ ಓದುತ್ತಾ ಗಂಜಿ ಕುಡಿಯುತ್ತಿರುತ್ತಾರೆ. ಯಾರಿಗೂ ಮುಜುಗರ ಇಲ್ಲ. ಬಡಿಸುವ ಹೆಂಗಸು ನಗದೇ ಇರಬಹುದು, ಕೇಳಿದ್ದನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ಅದು ಸಿಟ್ಟಲ್ಲ, ಕೆಲಸದ ಒತ್ತಡ. ನನ್ನ ಮಟ್ಟಿಗೆ ಅಂಥವರ ಕೈಯಿಂದ ಬಂದ ಊಟವೇ ಈ ಊರಿನ ನಿಜವಾದ ಮರ್ಯಾದೆ. ತಿಂದಾದ ಮೇಲೆ ಚೀಟಿ ಹಿಡಿದು ಗಲ್ಲಾಕ್ಕೆ ಹೋಗಿ ದುಡ್ಡು ಕೊಡಬೇಕು. ಟಿಪ್ಸ್ ಇಡುವ ಪದ್ಧತಿ ಇಲ್ಲ.

ಒಂದು ಬಟ್ಟಲಿಗೆ 40 ಹಾಂಗ್‌ಕಾಂಗ್ ಡಾಲರ್ ಆಸುಪಾಸು. ರೂಪಾಯಿ ಲೆಕ್ಕದಲ್ಲಿ ನಾನೂರು ದಾಟುತ್ತದೆ, ನಿನಗೆ ದುಬಾರಿ ಅನ್ನಿಸಬಹುದು. ಈ ಊರಿನಲ್ಲಿ ಹೊಟ್ಟೆ ತುಂಬ ಬಿಸಿ ಊಟಕ್ಕೆ ಅದು ಕಡಿಮೆಯೇ. ಬಾಡಿಗೆ ಏರಿದ ಹಾಗೆ ಇಂಥ ಅಂಗಡಿಗಳು ಮುಚ್ಚುತ್ತಿವೆ. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಚೀನಾ ಕಡೆಯ ಗಡಿ 2023ರಲ್ಲಿ ಪೂರ್ತಿ ತೆರೆದ ಮೇಲೆ ರಜೆ ಬಂದರೆ ಸಾಕು, ಇಲ್ಲಿನವರು ಅಗ್ಗದ ಊಟಕ್ಕೆ ರೈಲು ಹತ್ತಿ ಗಡಿಯಾಚೆಯ ಶೆನ್‌ಝೆನ್ ನಗರಕ್ಕೆ ಹೋಗುತ್ತಾರೆ. ಅವರನ್ನು ದೂರಲಿಕ್ಕೆ ಆಗುವುದಿಲ್ಲ. ಆದರೆ ರಾತ್ರಿಯೆಲ್ಲ ಪಾತ್ರೆ ಕಾಯುವ ಈ ಕೆಲಸ ಕಲಿಯಲಿಕ್ಕೆ ಹೊಸ ಹುಡುಗರು ಬರುತ್ತಿಲ್ಲ. ಬಾಗಿಲು ಎಳೆದ ಅಂಗಡಿಯ ಮುಂದೆ ಹೋಗುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇರುವಾಗಲೇ ನೀನು ತಿನ್ನಬೇಕು ಅಂತ ಇಷ್ಟು ಒತ್ತಾಯ.

ಫ್ಲೈಟ್ ಟಿಕೆಟ್ ಆದ ಕೂಡಲೇ ತಿಳಿಸು. ಮೊದಲ ದಿನ ಬೆಳಗ್ಗೆಯೇ ಹೋಗೋಣ, ಹೋಟೆಲಿನ ತಿಂಡಿ ತಿನ್ನಬೇಡ. ಕೆಲವು ಕಡೆ ಕಾರ್ಡ್ ನಡೆಯುವುದಿಲ್ಲ, ಸಣ್ಣ ನೋಟು ಇಟ್ಟುಕೋ. ಟಿಶ್ಯೂ ಕೊಡುವುದಿಲ್ಲ, ಕರವಸ್ತ್ರ ಮರೆಯಬೇಡ. ಶಾಮ್ ಶುಯಿ ಪೋ ಮೆಟ್ರೋ ಸ್ಟೇಷನ್ನಿನಿಂದ ಆಪ್ಲಿಯೂ ಬೀದಿಯ ಕಡೆಗೆ ಹೊರಗೆ ಬಾ, ಹಳೆ ರೇಡಿಯೋ, ಚಾರ್ಜರ್ ಮಾರುವವರ ಸಾಲು ಸಿಗುತ್ತದೆ. ಅಲ್ಲೇ ನಿಂತಿರುತ್ತೇನೆ. ನೀನು ಒಣಮೀನು ಗಂಜಿ ಹೇಳು, ನಾನು ವಾಂಟನ್ ನೂಡಲ್ಸ್ ಹೇಳುತ್ತೇನೆ, ಹಂಚಿಕೊಳ್ಳೋಣ.

ಇತಿ,
ನಿನ್ನ ಗೆಳೆಯ