ಹಳದಿ ಬಸ್ಸುಗಳ ಗ್ಯಾರೇಜು ಮತ್ತು ನನ್ನ ಋಣಗಳು

ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೋ ಸರೋವರದ ಮೇಲಿಂದ ಬರುವ ಹಿಮ ರಾಶಿ ಬೀಳುವ ಸೀಮೆಯಲ್ಲಿ ನಾವು ವಿನ್ಯಾಸ ಮಾಡಿದ ಶಾಲಾ ಬಸ್ ಗ್ಯಾರೇಜು ಕಳೆದ ವಾರ ಪೂರ್ತಿಯಾಗಿ ತೆರೆಯಿತು. ಫೋಟೊ ನೋಡಿ ಬಹಳ ಮಂದಿ ಹರಸಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸಲು ನನ್ನಿಂದಾಗಲಿಲ್ಲ, ಅದಕ್ಕೇ ಈ ಬರಹ. ಈ ಕಟ್ಟಡದ ಕಥೆಯನ್ನು ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ; ಅಪ್ಪನ ಕೊನೆಯ ದಿನಗಳೂ ನಿಮಗೆ ತಿಳಿದದ್ದೇ. ಎರಡನ್ನೂ ಮತ್ತೆ ಮೊದಲಿನಿಂದ ಹೇಳುವುದಿಲ್ಲ.

ಈ ಗ್ಯಾರೇಜಿನ ಖರ್ಚಿಗೆ ಒಮ್ಮೆ ಬೇಡವೆಂದು, ಮರುವರ್ಷ ಮೇ ತಿಂಗಳ ಮತದಾನದಲ್ಲಿ ಹೂಂ ಎಂದ ತೆರಿಗೆದಾರರಿಗೆ, ನಕ್ಷೆಗಳನ್ನು ಸಾಲು ಸಾಲಾಗಿ ಪ್ರಶ್ನಿಸಿದ ರಾಜ್ಯ ಶಿಕ್ಷಣ ಇಲಾಖೆಯ ಪರಿಶೀಲಕರಿಗೆ, ನಮ್ಮ ಕಚೇರಿಯ ಸಹೋದ್ಯೋಗಿಗಳಿಗೆ, ನಾನು ಊರಿಗೆ ಹೋದಾಗ ಮಕ್ಕಳಿಗೆ ಅನ್ನ ಸಾರು ತಂದುಕೊಟ್ಟ ಇಲ್ಲಿನ ಸಿರಾಕ್ಯೂಸ್ ನಗರದ ಕನ್ನಡ ಗೆಳೆಯರಿಗೆ ಒಟ್ಟಿಗೇ ನಮಸ್ಕಾರ. ಇಷ್ಟು ಜನರನ್ನು ಒಂದೇ ಉಸಿರಿನಲ್ಲಿ ಮುಗಿಸಿದೆನೆಂದು ಬೇಸರಿಸಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರು ಆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಹೆಸರು ಹಾಕಬೇಡ ಎಂದಿದ್ದಾರೆ. ಮೊದಲ ಭೇಟಿಯಲ್ಲಿ ನಾನು ಹರಡಿದ ನಕ್ಷೆಯನ್ನು ಅವರು ಸರಿಯಾಗಿ ನೋಡಲೂ ಇಲ್ಲ. ಹಳೆಯ ಗ್ಯಾರೇಜಿಗೆ ಕರೆದೊಯ್ದು, ಬಸ್ಸಿನ ಅಡಿಗೆ ಮಲಗಿಕೊಂಡೇ ಸರಿಯುವ ಗಾಲಿಹಲಗೆಯನ್ನು ಕಾಲಿನಿಂದ ನನ್ನತ್ತ ದೂಡಿದರು. ಮಲಗಿದೆ. ಮೇಲಿನಿಂದ ರಸ್ತೆಯ ಉಪ್ಪು ಬೆರೆತ ಹಿಮದ ನೀರು ತೊಟ್ಟಿಕ್ಕುತ್ತಿತ್ತು. ಬ್ರೇಕಿನ ಕೊಳವೆಗಳ ಮೇಲೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಒಂದೇ ನಿಮಿಷದಲ್ಲಿ ಬೆನ್ನೆಲ್ಲ ಒದ್ದೆ. ಆಮೇಲೆ ಮಾತಾಡಿದರು: ನೆಲದ ಇಳಿಜಾರು ಕಡಿಮೆಯಾದರೆ ಹೀಗೆ ನೆನೆಯುತ್ತೀಯ, ಹೆಚ್ಚಾದರೆ ಹಲಗೆ ನಿನ್ನನ್ನು ಹೊತ್ತುಕೊಂಡು ತಾನೇ ಉರುಳುತ್ತದೆ. ಇವೆರಡರ ನಡುವೆ ಎಲ್ಲೋ ಇರುವ ಅಳತೆಗಾಗಿ ನಾವಿಬ್ಬರೂ ವಾರಗಟ್ಟಲೆ ಜಗಳವಾಡಿದೆವು.

ಅಂಗಳದ ದೀಪಗಳೂ ಅವರ ಹಟವೇ. ಚಾಲಕರು ಬೆಳಗಿನ ಕತ್ತಲಲ್ಲಿ ಬಸ್ಸು ಹೊರಡಿಸುವ ಮೊದಲು ಅಡಿಯಲ್ಲಿ ಏನಾದರೂ ಸೋರಿದೆಯೇ ಎಂದು ಬಗ್ಗಿ ನೋಡುತ್ತಾರೆ. ಹಳೆಯ ಸೋಡಿಯಂ ದೀಪದ ಕೆಳಗೆ ಎಂಜಿನ್ ತಂಪಿಡುವ ಕೂಲೆಂಟ್ ದ್ರವ ಯಾವುದು, ಎಂಜಿನ್ ಎಣ್ಣೆ ಯಾವುದು ಎಂದೇ ಗೊತ್ತಾಗುತ್ತಿರಲಿಲ್ಲ. ಬಿಳಿ ದೀಪ ಬಂದದ್ದು ಅದಕ್ಕೆ. ಬಸ್ಸು ಹಿಂದಕ್ಕೆ ಚಲಿಸುವ ಪ್ರಸಂಗವೇ ಬರಬಾರದು ಎಂದೂ ಪಟ್ಟು ಹಿಡಿದರು. ಹಾಗಾಗಿ ನಿಲುಗಡೆಯ ಸಾಲುಗಳೂ ಬಸ್ಸು ನಿಲ್ಲಿಸಿ ದುರಸ್ತಿ ಮಾಡುವ ಅಂಕಣಗಳೂ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವಂತಿವೆ. ಡೀಸೆಲ್ ವಾಸನೆಯಲ್ಲೇ ಬೆಳೆದ ಈ ಮನುಷ್ಯನಿಗೆ ವಿದ್ಯುತ್ ಬಸ್ಸು ಎಂದರೆ ಅಷ್ಟಕ್ಕಷ್ಟೆ. ಆದರೂ, 2027ರಿಂದ ಕೊಳ್ಳುವ ಹೊಸ ಶಾಲಾ ಬಸ್ಸುಗಳೆಲ್ಲ ಹೊಗೆರಹಿತವಾಗಿರಬೇಕು, 2035ರ ಹೊತ್ತಿಗೆ ಓಡುವ ಎಲ್ಲವೂ ಹಾಗಿರಬೇಕು ಎಂದು ರಾಜ್ಯ 2022ರಲ್ಲಿ ಕಾನೂನು ಮಾಡಿದಾಗ, ಡಾಂಬರು ಹಾಕುವ ಮೊದಲೇ ಚಾರ್ಜರ್ ತಂತಿಗಾಗಿ ಖಾಲಿ ಕೊಳವೆಗಳನ್ನು ಹೂಳಿಸಿದವರು ಅವರೇ. ಆ ಬಸ್ಸುಗಳ ತೂಕ ಹೆಚ್ಚು ಎಂದು ಬಸ್ಸು ಎತ್ತುವ ಲಿಫ್ಟ್‌ಗಳ ಸಾಮರ್ಥ್ಯವನ್ನೂ ಏರಿಸಿದರು. ಬೈಯುತ್ತಲೇ.

ಇನ್ನು ಆ ಫೆಬ್ರವರಿಯ ರಾತ್ರಿ.

ಬಸ್ಸುಗಳು ಹೊಸ ಅಂಗಳಕ್ಕೆ ಬಂದ ಮೊದಲ ರಾತ್ರಿ ಅದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಎಂಜಿನ್‌ಗಳನ್ನು ರಾತ್ರಿಯಿಡೀ ಬೆಚ್ಚಗಿಡುವ ಬ್ಲಾಕ್ ಹೀಟರ್‌ಗಳ ವಿದ್ಯುತ್ ಸಾಲು ನಡುರಾತ್ರಿ ಕೈಕೊಟ್ಟಿತು. ದುರಸ್ತಿಗೆ ಬರಬೇಕಾದವರು ಫೋನ್ ಎತ್ತಲಿಲ್ಲ. ನಾನು ಅಲ್ಲಿಗೆ ತಲುಪಿ ಇನ್ನೂ ಕೈಗವಸು ಬಿಚ್ಚಿರಲಿಲ್ಲ, ಶಿವಮೊಗ್ಗದಿಂದ ತಮ್ಮನ ಕರೆ ಬಂತು. ಅಲ್ಲಿ ಮಧ್ಯಾಹ್ನ. ಅಪ್ಪನನ್ನು ವೆಂಟಿಲೇಟರ್‌ಗೆ ಹಾಕಿದ್ದರು.

ಅಲ್ಲಿದ್ದ ಮೆಕ್ಯಾನಿಕ್ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಕೈಗೆ ಒಂದು ರಟ್ಟು, ಕಾಗದ, ಪೆನ್ಸಿಲ್ ಕೊಟ್ಟು, ಒಳಗೆ ಬರುವ ಪ್ರತಿ ಬಸ್ಸಿನ ಸಂಖ್ಯೆ ಮತ್ತು ಹೊತ್ತು ಬರೆದುಕೋ ಎಂದರು. ಬೆಚ್ಚಗಿದ್ದ ದುರಸ್ತಿ ಅಂಕಣಗಳಿಗೆ ಬಸ್ಸುಗಳನ್ನು ಸರದಿಯಂತೆ ತಂದು, ಎಂಜಿನ್ ಕಾಯಿಸಿ, ಇನ್ನೊಂದು ಬಾಗಿಲಿನಿಂದ ಹೊರಗಟ್ಟಿ, ಬೆಳಗಿನವರೆಗೆ ಅದೇ ಕೆಲಸ. ನಾನು ಬರೆಯುತ್ತಾ ಹೋದೆ. ಅಪ್ಪನ ಉಸಿರು ಯಂತ್ರದ ಕೈಯಲ್ಲಿದ್ದ ಹೊತ್ತಿನಲ್ಲಿ ನಾನು ಬಸ್ಸಿನ ಸಂಖ್ಯೆ ಬರೆಯುತ್ತಿದ್ದೆ ಎಂಬುದನ್ನು ಈಗಲೂ ನುಂಗಿಕೊಳ್ಳಲು ಆಗುವುದಿಲ್ಲ. ಬರೆಯದಿದ್ದರೆ ಆ ರಾತ್ರಿ ಏನಾಗುತ್ತಿದ್ದೆನೋ ಅದೂ ಗೊತ್ತಿಲ್ಲ. ನಡುವೆ ಒಮ್ಮೆ ಬಂದು, ಅಪ್ಪ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರು ಎಂದೆ. ತಲೆಯಾಡಿಸಿ ಮುಂದಿನ ಬಸ್ಸು ಹತ್ತಿದರು.

ಬೆಳಿಗ್ಗೆ ಕೊನೆಯ ಬಸ್ಸು ಹೊರಟ ಮೇಲೆ ತಮ್ಮ ಟ್ರಕ್ಕಿನಲ್ಲೇ ನನ್ನನ್ನು ಮನೆಗೆ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಬಿಟ್ಟರು. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂದಿರುಗಿದಾಗ ಹೀಟರ್ ಸಾಲು ದುರಸ್ತಿಯಾಗಿತ್ತು. ನಾನು ಕೊಡಬೇಕಿದ್ದ ತಪಾಸಣೆಯ ಪಟ್ಟಿಯನ್ನು ಅವರೇ ಕೈಬರಹದಲ್ಲಿ ತುಂಬಿ ನನ್ನ ಮೇಜಿನ ಮೇಲಿಟ್ಟಿದ್ದರು. ಅವರ ಮುಂದೆ ಧನ್ಯವಾದ ಹೇಳಲು ಹೋದರೆ, ತೊಳೆಯುವ ಕಟ್ಟೆಯಲ್ಲಿ ನೀರಿನ ಪೈಪನ್ನು ಸುತ್ತಿಡುವ ಚಕ್ರ ತೀರ ಎತ್ತರದಲ್ಲಿದೆ ಎಂದು ದೂರಿದರು. ಅದನ್ನು ಇಳಿಸಲು ಮುಂದಿನ ವಾರ ಜನ ಬರುತ್ತಾರೆ.

ನನ್ನ ಹೆಂಡತಿಗೆ ಇಲ್ಲಿ ಕೃತಜ್ಞತೆ ಬರೆದರೆ ನಗುತ್ತಾಳೆ, ಆದ್ದರಿಂದ ಬರೆಯುತ್ತಿಲ್ಲ. ತಮ್ಮ ಮತ್ತು ಅವನ ಹೆಂಡತಿ ಅಮ್ಮನ ಜೊತೆಗಿದ್ದಾರೆ ಎಂಬುದೇ ನನ್ನ ಧೈರ್ಯ. ಅಪ್ಪನ ವರ್ಷಾಬ್ದಿಕಕ್ಕೆ ನಾವೆಲ್ಲ ಶಿವಮೊಗ್ಗಕ್ಕೆ ಬರುತ್ತೇವೆ. ತಿಥಿ ನೋಡಿ ದಿನ ತಿಳಿಸುತ್ತೇನೆ, ಆ ಕಡೆ ಇರುವವರು ಊಟಕ್ಕೆ ಬನ್ನಿ.