ಭಾನುವಾರ: ಎರಡು ಡಿಸ್ಕ್‌ಗಳ ಮಿರರ್ ಜೋಡಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10:30ಕ್ಕೆ ತುಮಕೂರಿನ ಎಸ್.ಎಸ್. ಪುರಂನಲ್ಲಿ, ಎಂದಿನ ಕೊಠಡಿಯಲ್ಲೇ, ಎನ್‌ವಿಡಿಎ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ವಿಂಡೋಸ್ ಸ್ಟೋರೇಜ್ ಸ್ಪೇಸಸ್‌ನಲ್ಲಿ ಟೂ-ವೇ ಮಿರರ್ (ಒಂದೇ ಮಾಹಿತಿ ಎರಡೂ ಡಿಸ್ಕ್‌ಗಳಲ್ಲಿ ಇರುವಂತೆ ಜೋಡಿಸುವುದು) ಮಾಡುವುದನ್ನು ಹೇಳಿಕೊಡುತ್ತೇವೆ.

ಒಂದೇ ಅಳತೆಯ ಎರಡು ಡಿಸ್ಕ್ ತನ್ನಿ. ಪೂಲ್ ಮಾಡುವಾಗ, ಅಂದರೆ ಎರಡನ್ನೂ ಒಟ್ಟುಗೂಡಿಸುವಾಗ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಮಾಡಿಕೊಂಡೇ ಬನ್ನಿ. 2 ಟಿಬಿಯ ಎರಡಕ್ಕೆ ಸಿಗುವ ಜಾಗ ಸುಮಾರು 1.8 ಟಿಬಿ.

ಬಯೋಸ್‌ನ (ವಿಂಡೋಸ್‌ಗೆ ಮೊದಲು ತೆರೆಯುವ ಸೆಟ್ಟಿಂಗ್) ರೇಡ್, ಅಂದರೆ ಅಲ್ಲಿನ ಡಿಸ್ಕ್ ಜೋಡಣೆ, ಬೇಡ. ವಿಂಡೋಸ್ ಶುರುವಾಗುವ ಮೊದಲು ಎನ್‌ವಿಡಿಎ ಮಾತಾಡುವುದಿಲ್ಲ.

ಮುಖ್ಯವಾಗಿ, ಒಂದೊಂದೇ ಡಿಸ್ಕ್ ಸಿಕ್ಕಿಸಿ, ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಟೈಪ್ ಮಾಡಿ ಆದೇಶ ಕೊಡುವ ಕಿಟಕಿ) ಗೆಟ್-ಫಿಸಿಕಲ್‌ಡಿಸ್ಕ್ ಆದೇಶ ಕೊಟ್ಟು, ಸೀರಿಯಲ್ ನಂಬರಿನ ಕೊನೆಯ 4 ಅಕ್ಷರ ಕೇಳಿಸಿಕೊಂಡು ಬ್ರೈಲ್ ಚೀಟಿ ಅಂಟಿಸಿ. ಇಲ್ಲದಿದ್ದರೆ ಮುಂದೆ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವ ಡಿಸ್ಕನ್ನೇ ಕಿತ್ತುಬಿಡುವ ಅಪಾಯವಿದೆ.

ಮಿರರ್ ಇದ್ದರೂ ಬ್ಯಾಕಪ್ ಬೇಕೇ ಬೇಕು. ಅಳಿಸಿದ ಫೈಲ್ ಎರಡರಿಂದಲೂ ಹೋಗುತ್ತದೆ.

ಬರುವವರು ಶುಕ್ರವಾರದೊಳಗೆ ಹೆಸರು, ಡಿಸ್ಕ್ ಅಳತೆ ತಿಳಿಸಿ. ವಾಯ್ಸ್ ಮೆಸೇಜ್ ಆದರೂ ಸರಿ.