ರಜೆಗೆ ಬಂದು ಇಲ್ಲೇ ಉಳಿದ ಗೆಳೆಯನಿಗೆ

ಮಂಜು,

ಬೈಪಾಸ್ ಆದ ಮೇಲೆ ನಿಮ್ಮಪ್ಪ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಶುರು ಮಾಡಿದ್ದಾರೆ ಅಂತ ಶೈಲಾ ಹೇಳಿದರು. ಖುಷಿಯಾಯ್ತು. ವೈಟ್‌ಫೀಲ್ಡಲ್ಲಿ ಕೆಲಸ ಸಿಕ್ಕಿದ್ದೂ ಒಳ್ಳೆಯದೇ ಆಯ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ ನಿನ್ನ ಹಣೆಬರಹ. ದುಬೈಗೆ ವಾಪಸ್ ಹೋಗಲ್ಲ ಅನ್ನೋ ನಿರ್ಧಾರದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರೋದು ಆಮೇಲೆ ನೀನು ಆಡಿದ ಮಾತಿಗೆ: "ಆರು ತಿಂಗಳು ಹೊರಗಿದ್ರೆ ವೀಸಾ ತಾನಾಗೇ ಬಿದ್ದೋಗುತ್ತಂತೆ, ಕ್ಯಾನ್ಸಲ್ ಗೀನ್ಸಲ್ ಅಂತ ಯಾಕೆ ಒದ್ದಾಡೋದು?" ಇದನ್ನ ಇನ್ನೂ ಹಲವರು ನನ್ನ ಹತ್ತಿರ ಕೇಳಿದ್ದಾರೆ. ಅದಕ್ಕೇ ನಿನಗೆ ಹೇಳಿ, ಎಲ್ಲರೂ ಓದೋ ಹಾಗೆ ಬರೀತಿದ್ದೀನಿ.

ಬೀಳೋದೇನೋ ನಿಜ. ಸತತವಾಗಿ 180 ದಿನ ಯುಎಇ ಹೊರಗಿದ್ದರೆ ನಮ್ಮಂಥವರ ರೆಸಿಡೆನ್ಸಿ, ಅಂದರೆ ಅಲ್ಲಿ ವಾಸ ಮಾಡೋ ವೀಸಾ, ಹೋಗುತ್ತೆ. ಗೋಲ್ಡನ್ ವೀಸಾ ಅನ್ನೋ ದೀರ್ಘಾವಧಿ ವೀಸಾ ಇದ್ದೋರಂಥ ಕೆಲವರಿಗೆ ಆ ಭಯ ಇಲ್ಲ. ಆದರೆ ನಿನ್ನ ಹೆಸರಲ್ಲಿ ಅಲ್ಲಿರೋದು ಬರೀ ರೆಸಿಡೆನ್ಸಿ ಅಲ್ಲ. ಕಾರ್ಮಿಕ ಸಚಿವಾಲಯದ ವರ್ಕ್ ಪರ್ಮಿಟ್ ಬೇರೆ ಇದೆ, ನಾವೆಲ್ಲ ಲೇಬರ್ ಕಾರ್ಡ್ ಅಂತಿದ್ದದ್ದು. ಅದನ್ನ ಮುಗಿಸಬೇಕಾದವರು ಕಂಪನಿಯವರು. ಅವರ ಜೊತೆ ಮಾತಾಡದೆ ಇಲ್ಲೇ ಕೂತರೆ, ನೀನು ಕೆಲಸ ಬಿಟ್ಟವನು ಅಂತ ಆಗಲ್ಲ, ಹೇಳದೆ ಕೇಳದೆ ಓಡಿಹೋದವನು ಅಂತ ಆಗುತ್ತೆ. ನಿನ್ನ ಸಂಬಳವಿಲ್ಲದ ರಜೆ ಈ ತಿಂಗಳಿಗೆ ಮುಗಿಯುತ್ತಲ್ಲ? ಅದಾದ ಮೇಲೆ ಸರಿಯಾದ ಕಾರಣವಿಲ್ಲದೆ ಸತತವಾಗಿ ಏಳು ದಿನ ಮೀರಿ ಗೈರಾದರೆ ನೋಟಿಸ್ ಇಲ್ಲದೆ ತೆಗೆದುಹಾಕಬಹುದು, ಸಚಿವಾಲಯಕ್ಕೆ ರಿಪೋರ್ಟೂ ಹಾಕಬಹುದು. ಹಾಗೆ ಕೆಲಸ ಬಿಟ್ಟವನಿಗೆ ಒಂದು ವರ್ಷ ಬೇರೆಲ್ಲೂ ವರ್ಕ್ ಪರ್ಮಿಟ್ ಇಲ್ಲ. "ನಾನು ಮತ್ತೆ ಆ ಕಡೆ ತಲೆ ಹಾಕಿ ಮಲಗಲ್ಲ" ಅಂತೀಯ. ಅಂದವರನ್ನ ಬೇಕಾದಷ್ಟು ನೋಡಿದ್ದೀನಿ ಕಣೋ.

ನಾನು ಅಲ್ಲಿ ಅಕೌಂಟ್ಸ್‌ನಲ್ಲಿ ಕೂತಿದ್ದವನು, ನಿನಗೆ ಗೊತ್ತು. ನಮ್ಮಲ್ಲಿ ಒಬ್ಬ ಸ್ಟೋರ್‌ಕೀಪರ್ ಇದ್ದ, ಕುಂದಾಪುರ ಕಡೆಯವನು. ತಂಗಿ ಮದುವೆಗೆ ಅಂತ ಊರಿಗೆ ಹೋದವನು ಫೋನ್ ಎತ್ತೋದನ್ನೇ ನಿಲ್ಲಿಸಿದ. ಅವನ ಗ್ರಾಚ್ಯುಟಿ ಬಾಬ್ತು ನನ್ನ ಲೆಡ್ಜರ್‌ನಲ್ಲಿ ಒಂದು ಸಾಲಾಗಿ ಹಾಗೇ ಇತ್ತು. ಪ್ರತಿ ವರ್ಷ ಮಾರ್ಚ್‌ನಲ್ಲಿ ಆಡಿಟರ್ ಅದರ ಮೇಲೆ ಬೆರಳಿಟ್ಟು "ಇದ್ಯಾರದು?" ಅಂತ ಕೇಳೋರು, ನಾನು ಹೆಸರು ಹೇಳ್ತಿದ್ದೆ, ಅವರು ಟಿಕ್ ಹಾಕಿ ಮುಂದೆ ಹೋಗೋರು. ಕೇಳೋಕೆ ಅವನೂ ಬರಲಿಲ್ಲ, ಕರೆದು ಕೊಡೋಕೆ ಯಾರಿಗೂ ದರ್ದಿರಲಿಲ್ಲ. ಆಮೇಲೊಂದು ದಿನ ಅವನಿಗೆ ಅಬುಧಾಬಿಯಲ್ಲಿ ಒಳ್ಳೇ ಕೆಲಸ ಸಿಕ್ಕಿತು. ಹೊಸ ಕಂಪನಿ ಅರ್ಜಿ ಹಾಕಿದ ತಕ್ಷಣ ಹಳೇ ಫೈಲ್ ಎದ್ದು ಕೂತಿತು. ವೀಸಾ, ಪರ್ಮಿಟ್ ಅಂತ ಸರ್ಕಾರಿ ಕಚೇರಿಗಳಿಗೆ ಓಡಾಡೋ ನಮ್ಮ ಕಂಪನಿಯ ಪಿಆರ್‌ಒ ಕಾಲು ಹಿಡಿಯೋ ಹಂಗಾಯ್ತು ಅವನಿಗೆ.

ಈಗ ನಿನ್ನ ದುಡ್ಡಿನ ವಿಷಯ, ಇದನ್ನ ನಿಧಾನಕ್ಕೆ ಓದು. ಅಲ್ಲಿಯ ಕಾರ್ಮಿಕ ಕಾನೂನು ಬದಲಾಗಿದೆ, 2021ರ 33ನೇ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಹಳೇದರಲ್ಲಿ ಐದು ವರ್ಷ ತುಂಬೋ ಮೊದಲೇ ನಾವಾಗೇ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯಲ್ಲಿ ಕಡಿತ ಇರ್ತಿತ್ತು. ಈಗ ಒಂದು ವರ್ಷ ತುಂಬಿದ್ದರೆ ಸಾಕು, ರಾಜೀನಾಮೆ ಅನ್ನೋ ಕಾರಣಕ್ಕೆ ಕತ್ತರಿ ಹಾಕೋ ಹಾಗಿಲ್ಲ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ (ಭತ್ಯೆಗಳನ್ನ ಬಿಟ್ಟ ಮೂಲ ಸಂಬಳ), ಆಮೇಲಿನ ವರ್ಷಗಳಿಗೆ 30 ದಿನದ್ದು. ನಿನ್ನ ಬೇಸಿಕ್ 6,000 ದಿರ್ಹಂ, ಸರ್ವಿಸ್ ಏಳು ವರ್ಷ ಅಂತಿಟ್ಟುಕೋ: 105 ದಿನ, ಅದರ ಮೇಲೆ 60, ಒಟ್ಟು 165. ದಿನಕ್ಕೆ 200ರಂತೆ 33,000 ದಿರ್ಹಂ. ಜನ ಒಟ್ಟು ಸಂಬಳ ಹಿಡಿದು ಲೆಕ್ಕ ಹಾಕಿಕೊಂಡು ಬಂದು ನನ್ನ ಟೇಬಲ್ ಮುಂದೆ ಜಗಳ ಆಡೋರು. ಲೆಕ್ಕ ಬೇಸಿಕ್ ಮೇಲೇ. ಸಂಬಳವಿಲ್ಲದ ರಜೆಯ ದಿನಗಳು ಸರ್ವಿಸ್‌ಗೆ ಸೇರಲ್ಲ, ಅದನ್ನೂ ನೆನಪಿಟ್ಟುಕೋ. ಉಳಿದ ರಜೆಯ ದುಡ್ಡು ಬೇರೆ.

ಕೈ ಸುಡೋದು ನೋಟಿಸ್‌ನಲ್ಲಿ. ಕಾಂಟ್ರಾಕ್ಟ್‌ನಲ್ಲಿ 30 ದಿನದಿಂದ 90 ದಿನದ ಒಳಗೆ ಎಷ್ಟು ಬರೆದಿದ್ದಾರೋ ನೋಡು. ಅದನ್ನ ಮಾಡದೆ ಬಿಟ್ಟರೆ ಆ ಅವಧಿಯ ಸಂಬಳ ನೀನೇ ಕಂಪನಿಗೆ ಕೊಡಬೇಕು, ಅದು ಬೇಸಿಕ್ ಮೇಲಲ್ಲ, ಪೂರ್ತಿ ಸಂಬಳದ ಮೇಲೆ. ಕೊಡೋವಾಗ ಬೇಸಿಕ್, ಕಿತ್ತುಕೊಳ್ಳೋವಾಗ ಪೂರ್ತಿ! ಆದರೆ ಇಬ್ಬರೂ ಒಪ್ಪಿದರೆ ನೋಟಿಸ್ ಕಡಿಮೆ ಮಾಡಿಕೊಳ್ಳಬಹುದು. ಅಪ್ಪನ ಆಪರೇಷನ್ ವಿಷಯ ಅವರಿಗೂ ಗೊತ್ತು, ಡಿಸ್ಚಾರ್ಜ್ ಸಮರಿ ಲಗತ್ತಿಸಿ ಕೇಳು. ಫೋನಲ್ಲಿ ಬೇಡ, ಮೇಲ್‌ನಲ್ಲೇ ಕೇಳು.

ಇನ್ನು ಆ ಕ್ಯಾನ್ಸಲೇಶನ್ ಪೇಪರ್. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಅರಬ್ಬಿ, ಕೆಳಗೆ ಒಂದು ಸಾಲು: ನನಗೆ ಬರಬೇಕಾದ ಬಾಕಿಯೆಲ್ಲ ಸಂದಿದೆ. ಬಿಸಿಲಲ್ಲಿ ಪಾರ್ಕಿಂಗ್‌ನಲ್ಲಿ ನಿಂತು, ಪಿಆರ್‌ಒ ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು, ಅವನದೇ ಪೆನ್ನಿನಲ್ಲಿ ಸೈನ್ ಹಾಕಿದ ಹುಡುಗರನ್ನ ನಾನು ಕಿಟಕಿಯಿಂದ ನೋಡ್ತಿದ್ದೆ. ದುಡ್ಡು ಆಮೇಲೆ ಬರುತ್ತೆ ಅಂದಿರ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಕೆಲಸ ಮುಗಿದ 14 ದಿನದೊಳಗೆ ಎಲ್ಲಾ ಬಾಕಿ ಕೊಡಬೇಕು ಅಂತ ಕಾನೂನೇ ಹೇಳುತ್ತೆ. ಅದಕ್ಕೇ ನೀನು ಮೊದಲು ಫೈನಲ್ ಸೆಟಲ್‌ಮೆಂಟ್ ಶೀಟ್ ಕೇಳು: ಗ್ರಾಚ್ಯುಟಿ ಎಷ್ಟು, ರಜೆ ಎಷ್ಟು, ಕಟ್ ಎಷ್ಟು, ಕೆಳಗೆ ಸೀಲು, ಸಹಿ. ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಸೈನ್ ಹಾಕೋದು ಉತ್ತಮ. ಅದಕ್ಕೆ ಅವರು ಒಪ್ಪದೇ ಹೋದರೆ ಕನಿಷ್ಠ ಆ ಶೀಟ್ ಕೈಯಲ್ಲಿರಲಿ. ಆಟ ಆಡಿಸಿದರೆ ಸಚಿವಾಲಯಕ್ಕೆ ದೂರು ಕೊಡೋಕೆ ಅದೇ ಆಧಾರ; 50,000 ದಿರ್ಹಂವರೆಗಿನ ತಕರಾರನ್ನ ಈಗ ಸಚಿವಾಲಯವೇ ತೀರ್ಮಾನ ಮಾಡಬಹುದು. ಜೊತೆಗೆ ಸರ್ವಿಸ್ ಸರ್ಟಿಫಿಕೇಟೂ ಕೇಳಿಬಿಡು, ಕೇಳಿದರೆ ಪುಕ್ಕಟೆ ಕೊಡಲೇಬೇಕು. ಇಲ್ಲಿ ಬೆಂಗಳೂರಿನ ಎಚ್‌ಆರ್‌ಗಳು ರಿಲೀವಿಂಗ್ ಲೆಟರ್, ಬ್ಯಾಕ್‌ಗ್ರೌಂಡ್ ಚೆಕ್ ಅಂತ ಪ್ರಾಣ ತಿಂತಾರೆ. ಓಡಿಬಂದವನಿಗೆ ಆ ಕಾಗದ ಎಲ್ಲಿಂದ ಬರಬೇಕು?

ಶೈಲಾ ಮತ್ತು ಪಾಪುವಿನ ವೀಸಾ ನಿನ್ನ ಸ್ಪಾನ್ಸರ್‌ಶಿಪ್‌ನಲ್ಲಿವೆ. ಮೊದಲು ಅವರದು ಕ್ಯಾನ್ಸಲ್ ಆಗಬೇಕು, ಆಮೇಲೆ ನಿನ್ನದು. ಮನೆಯ ಇಜಾರಿ, ಅಂದರೆ ಬಾಡಿಗೆ ಕರಾರಿನ ನೋಂದಣಿ, ಮುಗಿಸು. ದೇವಾದವರ (ದುಬೈನ ಕರೆಂಟು-ನೀರಿನ ಸಂಸ್ಥೆ) ಫೈನಲ್ ಬಿಲ್ ಕಟ್ಟಿ ಫ್ಲ್ಯಾಟಿನ ಡಿಪಾಸಿಟ್ 2,000 ದಿರ್ಹಂ ವಾಪಸ್ ತಗೋ.

ಬ್ಯಾಂಕ್ ವಿಷಯ ಮಾತ್ರ ಹಗುರವಾಗಿ ತಗೋಬೇಡ. ಕಾರ್ ಲೋನೋ ಕ್ರೆಡಿಟ್ ಕಾರ್ಡೋ ಬಾಕಿ ಇದ್ದರೆ, ಫೈನಲ್ ಸೆಟಲ್‌ಮೆಂಟ್ ಬಂದು ಬಿದ್ದ ಕೂಡಲೇ ಬ್ಯಾಂಕ್ ಅದನ್ನ ತಡೆಹಿಡಿಯೋದು ಅಲ್ಲಿ ಮಾಮೂಲು. ಮೊದಲೇ ಹೋಗಿ ಮಾತಾಡಿ, ತೀರಿಸಿ, ಕ್ಲಿಯರೆನ್ಸ್ ಲೆಟರ್ ತಗೋ. ಸಾಲ ಬಾಕಿ ಇಟ್ಟು ಬಂದವರ ಮೇಲೆ ಕೇಸ್ ಬಿದ್ದು, ಮುಂದೆ ಬೇರೆ ದೇಶಕ್ಕೆ ಹೋಗೋವಾಗ ದುಬೈನಲ್ಲಿ ವಿಮಾನ ಬದಲಿಸೋಕೂ ಹೆದರೋರನ್ನ ನಾನು ಬಲ್ಲೆ. ಇನ್ನೊಂದು, ದುಬೈ ಸಿಮ್ ಬಿಸಾಡಬೇಡ. ಬ್ಯಾಂಕಿನ ಒಟಿಪಿ, ಯುಎಇ ಪಾಸ್ (ಅಲ್ಲಿನ ಸರ್ಕಾರದ ಡಿಜಿಟಲ್ ಗುರುತಿನ ಆ್ಯಪ್), ಎಲ್ಲ ಆ ನಂಬರಿಗೇ ಬರೋದು. ರೀಚಾರ್ಜ್ ಮಾಡಿ, ರೋಮಿಂಗ್ ಆನ್ ಮಾಡಿ, ಹಳೇ ಫೋನಿಗೆ ಹಾಕಿಡು.

ಇದೆಲ್ಲ ಇಲ್ಲಿಂದಲೇ ಆಗಲ್ವಾ ಅಂತ ಕೇಳ್ತೀಯ. ನೀನು ಹೊರಗಿದ್ದಾಗಲೇ ಕಂಪನಿ ಕ್ಯಾನ್ಸಲ್ ಮಾಡೋ ದಾರಿ ಇದೆ. ಆದರೆ ಬ್ಯಾಂಕ್, ಮನೆ, ಸೆಟಲ್‌ಮೆಂಟ್ ಮೂರನ್ನೂ ಫೋನಲ್ಲಿ ಎಳೆದಾಡೋದಕ್ಕಿಂತ ಒಂದು ಸಲ ಹೋಗಿ ಮುಗಿಸಿಕೊಂಡು ಬಾ ಅನ್ನೋದು ನನ್ನ ಮಾತು. ನಾಲ್ಕು ಗಂಟೆ ಹಾರಾಟ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಿಂದ ನಿಮ್ಮ ಹಾಸನ ಮುಟ್ಟೋಕೆ ಅದಕ್ಕಿಂತ ಹೊತ್ತು ಹಿಡಿಯುತ್ತೆ. ಕ್ಯಾನ್ಸಲ್ ಆದ ಮೇಲೂ ದೇಶ ಬಿಡೋಕೆ ವೀಸಾ ವರ್ಗದ ಮೇಲೆ 180 ದಿನದವರೆಗೂ ಗ್ರೇಸ್ ಸಿಗುತ್ತೆ, ಅದು ದಾಟಿದರೆ ದಿನಕ್ಕೆ 50 ದಿರ್ಹಂ ದಂಡ. ಆದರೆ ಅಲ್ಲಿಗೆ ಹೋಗೋದು, ನೀನು ಹೊರಗೆ ಬಂದು 180 ದಿನ ತುಂಬೋ ಮುಂಚೆ ಹೋಗಬೇಕು. ನೀನು ಬಂದದ್ದು ಯುಗಾದಿಗೆ ಮುಂಚೆ, ಈಗ ಶ್ರಾವಣ. ಗೌರಿ-ಗಣೇಶ ಹಬ್ಬ ಮುಗಿಸಿಕೊಂಡು ನೋಡೋಣ ಅಂತ ಕೂರಬೇಡ.

ವಾಪಸ್ ಬಂದ ಮೇಲೆ ಜಯನಗರದ ಬ್ಯಾಂಕಿಗೆ ಹೋಗಿ, ಖಾಯಂ ಆಗಿ ಬಂದಿದ್ದೀನಿ ಅಂತ ಹೇಳಿ ಎನ್‌ಆರ್‌ಇ ಖಾತೆಯನ್ನ (ಹೊರದೇಶದಲ್ಲಿರೋ ಭಾರತೀಯರ ಖಾತೆ) ರೆಸಿಡೆಂಟ್ ಖಾತೆ ಮಾಡಿಸಬೇಕು. ವಿದೇಶಿ ಕರೆನ್ಸಿಯಲ್ಲೇ ಸ್ವಲ್ಪ ಇಡೋ ಮನಸ್ಸಿದ್ದರೆ ಆರ್‌ಎಫ್‌ಸಿ ಖಾತೆ ಅಂತ ಇದೆ, ಕೇಳು. ಎನ್‌ಆರ್‌ಇ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ಇನ್ನು ಇರಲ್ಲ, ಈ ವರ್ಷದ ರಿಟರ್ನ್ಸ್ ಹಾಕೋ ಮುಂಚೆ ನಿಮ್ಮ ಸಿಎ ಹತ್ತಿರ ಒಂದು ಸಲ ಕೂತು ಮಾತಾಡು.

ರಾಜೀನಾಮೆ ಮೇಲ್ ಬರೆದ ಮೇಲೆ ಕಳಿಸೋ ಮುಂಚೆ ನನಗೆ ತೋರಿಸು. ಕಾಂಟ್ರಾಕ್ಟ್‌ನ ಫೋಟೋನೂ ವಾಟ್ಸಾಪ್ ಮಾಡು, ನೋಟಿಸ್ ಪುಟ ಸರಿಯಾಗಿ ಕಾಣೋ ಹಾಗೆ ತೆಗಿ. ಭಾನುವಾರ ಮನೆಯಲ್ಲೇ ಇರ್ತೀನಿ, ಬಂದರೂ ಸರಿ. ನಿಮ್ಮಪ್ಪನಿಗೆ ನಮಸ್ಕಾರ ಹೇಳು.

ನಿನ್ನ,
ರವಿ